ಎರಡನೆಯ ಶನಿವಾರದ ಅಂಗಿ

ಫೆಬ್ರವರಿ 2, 1992

ಮಗನಿಗೆ,

ನಿನ್ನ ಕಾಗದ ತಲುಪಿತು. ಜೊತೆಗಿದ್ದ ಕರವಸ್ತ್ರವೂ ತಲುಪಿತು. ಸೆರೆಮನೆಯಿಂದ ನೀನು ಬರೆದ ಹನ್ನೊಂದನೆಯ ಕಾಗದ ಇದು. ಮೊದಲಿನ ಹತ್ತರಲ್ಲೂ ಕ್ಷಮಿಸು, ಕ್ಷಮಿಸು ಎಂದು ಬರೆದಿದ್ದೆ. ನೀನು ಕೇಳಬೇಕಾದ ಮಾತೇ ಅದು, ಕೇಳುತ್ತಿರಲಿ ಎಂದು ಸುಮ್ಮನಿದ್ದೆ. ಈ ಸಲದ ಒಂದು ವಾಕ್ಯ ಮಾತ್ರ ನನ್ನನ್ನು ಹೊಲಿಗೆ ಮಿಷನ್ನಿನ ಮುಂದಿನಿಂದ ಎಬ್ಬಿಸಿತು. "ದೇವರು ನನ್ನನ್ನು ನೀತಿವಂತನೆಂದು ಎಣಿಸಿದ್ದಾನೆ, ಅಮ್ಮ" ಎಂದು ಬರೆದಿದ್ದೀಯ.

ಯಾವಾಗ ಎಣಿಸಿದ? ಎಲ್ಲಿ ಕೂತು ಎಣಿಸಿದ? ಕುಡಿದು ವ್ಯಾನು ಓಡಿಸಿ, ರಸ್ತೆ ದಾಟುತ್ತಿದ್ದ ಗಡಿಯಾರ ರಿಪೇರಿಯವರನ್ನು ನೀನು ಕೊಂದು ಇನ್ನೂ ಮೂರು ವರ್ಷ ತುಂಬಿಲ್ಲ. ಇನ್ನೈದು ವರ್ಷದ ಶಿಕ್ಷೆ ಬಾಕಿ ಇದೆ. ಅಷ್ಟರೊಳಗೆ ನೀತಿವಂತನಾದೆಯಾ? ನಂಬಿದೆನೆಂದರೆ ಮುಗಿಯಿತು ಎಂದು ನಿಮ್ಮ ಸೆರೆಮನೆಯ ಪಾದ್ರಿ ಹೇಳಿಕೊಟ್ಟರಂತೆ. ನಂಬುವುದು ಯಾರಿಗೆ ಬರುವುದಿಲ್ಲ? ಬಾಯಿದ್ದವರೆಲ್ಲ ನಂಬಿದೆ ಎನ್ನಬಹುದು.

ಮೂವತ್ತನಾಲ್ಕು ವರ್ಷದಿಂದ ನಮ್ಮ ಚರ್ಚಿನ ಗಾಯಕವೃಂದದ ಬಿಳಿ ನಿಲುವಂಗಿಗಳನ್ನು ಒಗೆದು, ಗಂಜಿ ಹಾಕಿ, ಹರಿದದ್ದನ್ನು ಹೊಲಿದು ಕೊಟ್ಟವಳು ನಾನು. ನಿನ್ನ ಹೆರಿಗೆಯ ಎರಡು ಭಾನುವಾರ ಬಿಟ್ಟರೆ ನನ್ನ ಜಾಗ ಖಾಲಿ ಇದ್ದದ್ದಿಲ್ಲ. ನಿಮ್ಮಪ್ಪನನ್ನು ಮಣ್ಣು ಮಾಡಿದ ವಾರವೂ ಹೋಗಿದ್ದೆ. ಇಷ್ಟಾದರೂ ನನ್ನನ್ನು ನಾನು ನೀತಿವಂತಳೆಂದು ಕರೆದುಕೊಂಡಿಲ್ಲ. ಉಪ್ಪು ತಿಂದವನು ನೀರು ಕುಡಿಯಲೇಬೇಕು. ನನಗೆ ಗೊತ್ತಿರುವ ವೇದಾಂತ ಅಷ್ಟೇ.

ನೀನೇ ಅಂಚು ಹೊಲಿದೆ ಎಂದು ಬರೆದಿದ್ದ ಕರವಸ್ತ್ರವನ್ನು ನೋಡಿದೆ. ಮನೆಯಲ್ಲಿದ್ದಾಗ ಹದಿನೈದು ವರ್ಷ ಕಲಿಸಿದರೂ ಕಲಿಯಲಿಲ್ಲ. ಹೊಲಿಗೆ ಒಂದು ಹೆಜ್ಜೆ ಉದ್ದ, ಒಂದು ಗಿಡ್ಡ. ಬಿಚ್ಚಿ, ಸರಿಯಾಗಿ ಹೊಲಿದು ವಾಪಸು ಕಳಿಸಿದ್ದೇನೆ. ಅಂಚು ಎಂದರೆ ಹೇಗಿರಬೇಕೆಂದು ನೋಡಿ ಕಲಿ.

ಇಂತಿ,
ನನ್ನ ಹೊಲಿಗೆ ಅಂಗಡಿಯ ಮುದ್ರೆ ಮೇಲಿದೆ

—

ಫೆಬ್ರವರಿ 23, 1992

ಅಮ್ಮನಿಗೆ,

ನಿನ್ನ ಕಾಗದ ಬಂದ ದಿನ ಕಾವಲುಗಾರ ನನ್ನ ಹೆಸರನ್ನು ಎರಡು ಸಲ ಕೂಗಿದ. ನಾನು ಏಳಲಿಲ್ಲ. ಕಾಗದ ಕೊಡುವ ಹೊತ್ತಿನಲ್ಲಿ ನನ್ನ ಕಿವಿ ತಾನಾಗಿ ಮುಚ್ಚಿಕೊಳ್ಳುತ್ತದೆ, ಇಷ್ಟು ದಿನ ಏನೂ ಬಾರದೆ ರೂಢಿಯಾಗಿದೆ. ಪಕ್ಕದವನು ಮೊಣಕೈಯಲ್ಲಿ ತಿವಿದ. "ಏಯ್, ನಿನ್ನನ್ನೇ ಕಣೋ. ಯಾರೋ ಬೈದು ಬರ್ದಿದಾರೆ, ಕವರು ನೋಡಿದ್ರೇ ಗೊತ್ತಾಗುತ್ತೆ" ಎಂದ. ಅಷ್ಟು ಒತ್ತಿ ವಿಳಾಸ ಬರೆದಿದ್ದೆ ನೀನು. ನಾಲ್ಕು ಸಲ ಓದಿದೆ.

ಕರವಸ್ತ್ರ ನೋಡಿದೆ. ಜೋಪಾನವಾಗಿ ಇಟ್ಟುಕೊಂಡಿದ್ದೇನೆ.

ಇಲ್ಲಿ ಹನ್ನೆರಡು ಮಿಷನ್ನುಗಳಿವೆ. ನಾವೇ ಹಾಕಿಕೊಳ್ಳುವ ಬೂದು ಷರಾಯಿಗಳನ್ನು ಹೊಲಿಯುತ್ತೇವೆ. ಎಲ್ಲರಿಗೂ ಒಂದೇ ಅಳತೆ. ದಪ್ಪಗಿರುವವನು ಉಸಿರು ಹಿಡಿಯುತ್ತಾನೆ, ಸಣಕಲ ಹಗ್ಗ ಹುಡುಕುತ್ತಾನೆ. ನೀನು ನೋಡಿದರೆ ಒಂದು ವಾರ ಊಟ ಬಿಡುತ್ತೀಯ. ಅಂಗಿ ಮಾತ್ರ ತಲೆಗೆ ಎರಡು. ಅದರಲ್ಲಿ ಒಂದನ್ನು ಎರಡನೆಯ ಶನಿವಾರಕ್ಕೆಂದು ಒಗೆದು, ಹಾಸಿಗೆಯ ಕೆಳಗೆ ಮಡಿಸಿಟ್ಟು, ಇಸ್ತ್ರಿಯಾದ ಹಾಗೆ ಮಾಡಿ ಹಾಕಿಕೊಳ್ಳುತ್ತೇನೆ.

ನಿನ್ನ ಪ್ರಶ್ನೆಗೆ ಉತ್ತರ ಬರೆಯಲು ನನಗೆ ವಿದ್ಯೆ ಸಾಲದು. ಏನಾಯಿತೆಂದು ಹೇಳುತ್ತೇನೆ. ಗುರುವಾರಗಳಂದು ಒಬ್ಬರು ವಯಸ್ಸಾದ ಪಾದ್ರಿ ಮಡಿಸುವ ಕುರ್ಚಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಬರುತ್ತಾರೆ. ಅವರಿಗೆ ನಾನು, "ಬಿಡುಗಡೆಯಾದ ಮೇಲೆ ಜೀವನಪೂರ್ತಿ ಬಡವರಿಗೆ ಅಂಗಿ ಹೊಲಿದು ಕೊಡ್ತೀನಿ, ಆಗ ಸರಿಹೋಗುತ್ತಾ?" ಎಂದು ಕೇಳಿದೆ. ಅವರು ಕೆಮ್ಮಿ, "ಹೊಲಿ, ಒಳ್ಳೇದು. ಆದರೆ ಎಷ್ಟನೇ ಅಂಗಿಗೆ ಆ ಮನುಷ್ಯ ಎದ್ದು ಬರ್ತಾನಪ್ಪಾ?" ಎಂದರು. ನನಗೆ ಅಳು ಬಂತು. ಆಮೇಲೆ ಅವರು ಹೇಳಿದರು, ನೀನು ತೀರಿಸಲಾಗದ್ದನ್ನು ಕ್ರಿಸ್ತ ತನ್ನ ಮೇಲೆ ಹಾಕಿಕೊಂಡಿದ್ದಾನೆ, ಅದನ್ನು ನಂಬಿ ಕೈ ಚಾಚು, ದೇವರು ನಿನ್ನನ್ನು ನೀತಿವಂತನೆಂದು ಸ್ವೀಕರಿಸುವುದು ನಿನ್ನ ಹೊಲಿಗೆ ನೋಡಿ ಅಲ್ಲ, ಆತನನ್ನು ನೋಡಿ ಎಂದು. ಉಪ್ಪು ತಿಂದವನು ನಾನೇ ಅಮ್ಮ. ನೀರು ಕುಡಿದವನು ಬೇರೆಯವನು.

ಅಪಘಾತವಾದ ಆ ಬೆಳಗಿನ ವಿಷಯದಲ್ಲಿ ನನ್ನ ಮನಸ್ಸಿನಲ್ಲಿ ಯಾರ ಮೇಲೂ ಏನೂ ಇಲ್ಲ.

ನಿನ್ನ ಮಗ

—

ಮಾರ್ಚ್ 22, 1992

ಮಗನಿಗೆ,

ತಿಂಗಳಿಗೊಮ್ಮೆ ಅಂಗಿ ಒಗೆದು ಅದನ್ನೊಂದು ಸುದ್ದಿ ಎಂಬಂತೆ ಬರೆಯುತ್ತೀಯಲ್ಲ, ನಾಚಿಕೆಯಾಗಬೇಕು. ವಾರಕ್ಕೆ ಎರಡು ಸಲ ಒಗೆ. ಬಡತನಕ್ಕೆ ಕೊಳೆ ಕಾರಣವಲ್ಲ, ಕೊಳೆಗೆ ಬಡತನವೂ ಕಾರಣವಲ್ಲ.

ಈಗ ಹೇಳು. ನಾನು ಹೊಲಿದು ಕೊಡುತ್ತಿರುವ ಅಂಗಿಗಳ ವಿಷಯ ನಿನಗೆ ಯಾರು ಬರೆದರು? ಗುಂಡಿಯಮ್ಮನೇ? ಅವಳನ್ನು ಕೇಳಿದೆ. ಇಪ್ಪತ್ತು ವರ್ಷದಿಂದ ನನ್ನ ಅಂಗಡಿಯಲ್ಲಿ ಗುಂಡಿ ಹಚ್ಚಿಕೊಂಡಿರುವವಳು, ನನ್ನ ಮುಖ ನೋಡಿಯೇ, "ಅಮ್ಮಾವ್ರೇ, ನಂಗೆ ಬರೆಯೋಕೆ ಬಂದಿದ್ರೆ ಗುಂಡಿ ಯಾಕೆ ಹಚ್ತಾ ಇರ್ತಿದ್ದೆ?" ಎಂದಳು. ಅವಳಲ್ಲದಿದ್ದರೆ ಇನ್ನಾರೋ. ಹೌದು, ಗಡಿಯಾರ ರಿಪೇರಿಯವರ ಹೆಂಡತಿಗೆ ಎರಡು ತಿಂಗಳಿಗೊಂದರಂತೆ ಉಡುಪು ಹೊಲಿದು ಕೊಡುತ್ತಿದ್ದೇನೆ. ನಾನೇ ಬಟ್ಟೆ ಆರಿಸಿ, ನಾನೇ ಕತ್ತರಿಸಿ, ನಾನೇ ಹೊಲಿದು, ನಾನೇ ಹೋಗಿ ಬಾಗಿಲಲ್ಲಿ ಕೊಟ್ಟು ಬರುತ್ತೇನೆ. ಅವಳು ತೆಗೆದುಕೊಳ್ಳುತ್ತಾಳೆ. ಇದನ್ನು ನಾನು ಯಾರಿಗೂ ಹೇಳಿಕೊಂಡಿಲ್ಲ. ನೀನು ಮಾಡಿದ್ದಾದ ಮೇಲೂ ಬೀದಿಯಲ್ಲಿ ತಲೆ ಎತ್ತಿ ನಡೆಯಬೇಕಾದವಳು ನಾನು. "ಎಷ್ಟನೇ ಅಂಗಿಗೆ" ಎಂದು ಪಾದ್ರಿಯ ಬಾಯಲ್ಲಿ ಹೇಳಿಸಿ ನನಗೆ ಚುಚ್ಚುವ ಅಗತ್ಯವಿರಲಿಲ್ಲ.

"ಯಾರ ಮೇಲೂ ಏನೂ ಇಲ್ಲ" ಎಂದು ಬೇರೆ ಬರೆದಿದ್ದೀಯ. ಯಾರ ಮೇಲೆ ಇರಬೇಕಾಗಿತ್ತು? ನ್ಯಾಯಾಲಯದಲ್ಲಿ ನನ್ನನ್ನು ನಿಲ್ಲಿಸಿ, ನಿಮ್ಮ ಮಗ ಕುಡಿಯುತ್ತಿದ್ದನೇ ಎಂದು ಕೇಳಿದರು. ಕುಡಿಯುತ್ತಿದ್ದ ಎಂದೆ. ಆ ದಿನ ಬಾಟಲಿ ನೋಡಿದಿರಾ ಎಂದರು. ನೋಡಿದೆ ಎಂದೆ. ಕೇಳಿದ್ದಕ್ಕೆಲ್ಲ ನಿಜವನ್ನೇ ಹೇಳಿದ್ದೇನೆ. ಹೆತ್ತ ಮಗನ ಎದುರು ಸತ್ಯ ಹೇಳಿದ ತಾಯಿ ಎಂದು ನಮ್ಮ ಚರ್ಚಿನ ಸಭಾಪಾಲಕರು ಆ ಭಾನುವಾರ ಪ್ರಸಂಗದಲ್ಲೇ ಹೇಳಿದರು. ಇವತ್ತಿಗೂ ಜನ ಎದ್ದು ಜಾಗ ಕೊಡುತ್ತಾರೆ.

ಇಂತಿ,
ತಾಯಿ

—

ಏಪ್ರಿಲ್ 12, 1992

ಅಮ್ಮನಿಗೆ,

ಯಾವ ಅಂಗಿಗಳ ವಿಷಯವೂ ನನಗೆ ಗೊತ್ತಿರಲಿಲ್ಲ. ನಿನ್ನ ಕಾಗದದಿಂದಲೇ ಗೊತ್ತಾದದ್ದು. ಚುಚ್ಚಬೇಕೆಂದು ಬರೆದದ್ದಲ್ಲ. ಆ ತಾಯಿಗೆ ನೀನು ಉಡುಪು ಹೊಲಿದು ಕೊಡುತ್ತಿರುವುದು ಕೇಳಿ ಸಂತೋಷವಾಯಿತು, ಜೊತೆಗೆ ಹೆದರಿಕೆಯೂ ಆಯಿತು. ಯಾಕೆಂದು ಹೇಳಲು ತಿಳಿಯುವುದಿಲ್ಲ.

ನಂಬುವುದು ಸುಲಭ ಎಂದು ಬರೆದಿದ್ದೆ. ಸುಲಭವಲ್ಲ ಅಮ್ಮ. ಶಿಕ್ಷೆ ಅನುಭವಿಸುವುದು ಸುಲಭ. ದಿನ ಕಳೆದರೆ ಸಾಕು, ಅದು ತಾನಾಗಿ ಆಗುತ್ತದೆ. ಸುಮ್ಮನೆ ಕೊಟ್ಟದ್ದನ್ನು ಬರಿಗೈಯಲ್ಲಿ ತೆಗೆದುಕೊಳ್ಳುವುದು ಕಷ್ಟ. ನಿನಗೆ ಗೊತ್ತಿಲ್ಲವೇ? ನನಗೆ ಜ್ವರ ಬಂದಾಗ ಪಕ್ಕದ ಮನೆಯವರು ಒಂದು ಪಾತ್ರೆ ಸಾರು ಕೊಟ್ಟರೆ, ಮರುದಿನವೇ ಆ ಪಾತ್ರೆಯ ಜೊತೆ ಅವರ ಕಿಟಕಿಗೆಲ್ಲ ಹೊಸ ಪರದೆ ಹೊಲಿದು ಕಳಿಸಿದವಳು ನೀನು. ಅವರು ಮತ್ತೆ ಸಾರು ಕೊಡಲೇ ಇಲ್ಲ.

ನಾನೂ ನಿನ್ನ ಮಗನೇ. ಮೊದಲ ಆರು ತಿಂಗಳು ಪಾದ್ರಿ ಹೇಳಿದ್ದಕ್ಕೆಲ್ಲ, ಆಯಿತು, ಅದಕ್ಕೆ ಪ್ರತಿಯಾಗಿ ನಾನೇನು ಮಾಡಬೇಕು ಎಂದೇ ಕೇಳುತ್ತಿದ್ದೆ.

ಸಾಧ್ಯವಾದರೆ ಬರೆ. ಬೈದಾದರೂ ಬರೆ.

ನಿನ್ನ ಮಗ

—

ಜೂನ್ 14, 1992

ಅಮ್ಮನಿಗೆ,

ಎರಡು ತಿಂಗಳಾಯಿತು. ಸಾರಿನ ಪಾತ್ರೆಯ ವಿಷಯ ಬರೆಯಬಾರದಿತ್ತು.

ನಿನ್ನೆ ಎರಡನೆಯ ಶನಿವಾರ. ಅಂಗಿ ಒಗೆದು ಹಾಕಿಕೊಂಡಿದ್ದೆ. ವಾರಕ್ಕೆ ಎರಡು ಸಲವೂ ಒಗೆಯುತ್ತಿದ್ದೇನೆ, ನೀನು ಹೇಳಿದ ಹಾಗೆ.

ನಿನ್ನ ಮಗ

—

ಜುಲೈ 19, 1992

ಮಗನಿಗೆ,

ಕೆಲಸ ಬಹಳ. ಕಾಗದ ಬರೆಯಲು ಪುರುಸೊತ್ತಿಲ್ಲ. ನಾನು ಬರೆಯಲಿಲ್ಲವೆಂದರೆ ಕೋಪವೆಂದು ತಿಳಿಯಬೇಕಾಗಿಲ್ಲ.

ಅಂಗಡಿಯಲ್ಲಿ ಸ್ವಲ್ಪ ಬದಲಾವಣೆ ಮಾಡಿದ್ದೇನೆ. ಸೂಜಿಗೆ ದಾರ ಪೋಣಿಸುವ ಕೆಲಸವನ್ನು ಗುಂಡಿಯಮ್ಮನಿಗೆ ಒಪ್ಪಿಸಿದ್ದೇನೆ, ನನ್ನ ಸಮಯ ಉಳಿಯಲೆಂದು. ಬೆಳಿಗ್ಗೆಯೇ ಮೂವತ್ತು ಸೂಜಿಗೆ ದಾರ ಹಾಕಿ ದಿಂಬಿಗೆ ಚುಚ್ಚಿಡುತ್ತಾಳೆ. ಕಪ್ಪು ಬಟ್ಟೆಯ ಕೆಲಸ ಒಪ್ಪಿಕೊಳ್ಳುವುದನ್ನು ನಿಲ್ಲಿಸಿದ್ದೇನೆ. ಕಪ್ಪು ನನಗೆ ಮೊದಲಿನಿಂದಲೂ ಇಷ್ಟವಿಲ್ಲ. ಮಿಷನ್ನನ್ನು ಕಿಟಕಿಯ ಪಕ್ಕಕ್ಕೆ ಸರಿಸಿದ್ದೇನೆ. ಈಗ ರಸ್ತೆ ಕಾಣುತ್ತದೆ. ಎದುರಿನ ಗಡಿಯಾರದಂಗಡಿಯ ಬಾಗಿಲು ಮುಚ್ಚಿಯೇ ಇದೆ, ಬಾಡಿಗೆಗೂ ಯಾರೂ ಬಂದಿಲ್ಲ. ಬೋರ್ಡಿನ ಮೇಲೆ ಬರೆದ ಗಡಿಯಾರದಲ್ಲಿ ಯಾವಾಗಲೂ ಹತ್ತು ಗಂಟೆ ಹತ್ತು ನಿಮಿಷ.

ಸಂಜೆ ಆರಕ್ಕೆ ಗುಂಡಿಯಮ್ಮ ಮನೆಗೆ ಹೋಗುತ್ತಾಳೆ. ಆಮೇಲೆ ಮನೆ ದೊಡ್ಡದೆನಿಸುತ್ತದೆ. ಹೊಲಿಗೆಯವರಿಗೆ ಇಷ್ಟು ದೊಡ್ಡ ಮನೆ ಬೇಕಾಗಿರಲಿಲ್ಲ.

ಇಂತಿ,
ತಾಯಿ

—

ಆಗಸ್ಟ್ 9, 1992

ಅಮ್ಮನಿಗೆ,

ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡ. ನಿನ್ನ ಕಣ್ಣು ಹೇಗಿದೆ?

ಫೆಬ್ರವರಿಯಲ್ಲಿ ಕರವಸ್ತ್ರ ಬಂದಾಗಲೇ ನೋಡಿದೆ. ನೀನು ಬಿಚ್ಚಿ ಹೊಲಿದ ಅಂಚು ಮೂಲೆಯ ಹತ್ತಿರ ಬಟ್ಟೆ ಬಿಟ್ಟು ಹೊರಗೆ ಹೋಗಿದೆ. ಎರಡು ಕಡೆ ದಾರ ಗಾಳಿಯನ್ನೇ ಹೊಲಿದಿದೆ. ಇಲ್ಲಿ ಹೊಲಿಗೆ ಕಲಿಸುವ ಮೇಸ್ತ್ರಿಗೆ ತೋರಿಸಿದೆ, ಯಾರದೆಂದು ಹೇಳಲಿಲ್ಲ. ನೋಡಿ, "ಇದು ಕಲಿಯೋನ ಕೈಯಲ್ಲ, ದೊಡ್ಡ ಕೈ. ಕಣ್ಣು ಹೋಗಿದೆ" ಎಂದ.

ನೀನು ಕೂತಿದ್ದಾಗ ಅಂಗಡಿಯಲ್ಲಿ ದೀಪ ಹಾಕಿಸು. ವೈದ್ಯರಿಗೆ ತೋರಿಸು. ಒಬ್ಬಳೇ ರಸ್ತೆ ದಾಟಬೇಡ.

ನಿನ್ನ ಮಗ

—

ಆಗಸ್ಟ್ 30, 1992

ನನ್ನ ಕಣ್ಣಿನ ಯೋಚನೆ ನಿನಗೆ ಬೇಡ. ಹೊಲಿಗೆಯಲ್ಲಿ ನಲವತ್ತೊಂದು ವರ್ಷ ಕಳೆದವಳ ಅಂಚನ್ನು ಸೆರೆಮನೆಯ ಮೇಸ್ತ್ರಿ ತೂಗಿ ನೋಡಿದನೇ? ಬಲು ಸಂತೋಷ. ಆರು ತಿಂಗಳು ಗೊತ್ತಿದ್ದೂ ಸುಮ್ಮನಿದ್ದು ಈಗ ಹೇಳುತ್ತೀಯ. ಮುಚ್ಚಿಡುವ ಬುದ್ಧಿ ಯಾರಿಂದ ಬಂತೋ ಕಾಣೆ.

—

ಅಕ್ಟೋಬರ್ 18, 1992

ಮಗನಿಗೆ,

ಒಂದು ತೀರ್ಮಾನಕ್ಕೆ ಬಂದಿದ್ದೇನೆ. ನೀನು ನಿಜವಾಗಿ ಬದಲಾಗಿದ್ದೀಯೋ, ಪಾದ್ರಿಯ ಮಾತು ಕಲಿತಿದ್ದೀಯೋ, ಕಾಗದದಲ್ಲಿ ತಿಳಿಯುವುದಿಲ್ಲ. ಎದುರು ನಿಂತು ನೋಡಬೇಕು. ಬರುತ್ತೇನೆ.

ನೋಡಲು ಬರುವುದು ಎಂದೆನೇ ಹೊರತು ಕ್ಷಮಿಸಲು ಬರುವುದು ಎನ್ನಲಿಲ್ಲ.

ಸೆರೆಮನೆಯ ಬಾಗಿಲು ಕಂಡಕಂಡವರಿಗೆ ತೆರೆಯುವುದಿಲ್ಲ ಎಂಬುದು ನನಗೆ ಗೊತ್ತು. ಅದಕ್ಕೆಂದು ಗುಣನಡತೆಯ ಪತ್ರಗಳನ್ನು ಕೂಡಿಸುತ್ತಿದ್ದೇನೆ. ಸಭಾಪಾಲಕರು ಒಂದು ಕೊಟ್ಟಿದ್ದಾರೆ, ಎರಡು ಪುಟ, "ಸತ್ಯವಂತೆ" ಎಂಬ ಮಾತು ಮೂರು ಕಡೆ ಬಂದಿದೆ. ಸ್ತ್ರೀಸಂಘದ ಅಧ್ಯಕ್ಷೆ ಒಂದು ಕೊಟ್ಟಿದ್ದಾಳೆ, ಅಕ್ಷರ ದೋಷಗಳಿದ್ದವು, ತಿದ್ದಿ ಮತ್ತೆ ಬರೆಸಿದೆ. ಅಂಗಡಿಯ ಗೋಡೆಯಲ್ಲಿ ಚೌಕಟ್ಟು ಹಾಕಿಸಿದ್ದ ನನ್ನ ಹೈಸ್ಕೂಲು ಸರ್ಟಿಫಿಕೇಟನ್ನೂ ಇಳಿಸಿದ್ದೇನೆ. ಗುಂಡಿಯಮ್ಮ ನೋಡಿ, "ಅಮ್ಮಾವ್ರೇ, ಮಗನ್ನ ನೋಡೋಕೆ ಹೋಗ್ತೀರೋ, ಕೆಲಸ ಕೇಳೋಕೆ ಹೋಗ್ತೀರೋ?" ಎಂದಳು. ಅವಳಿಗೆ ಇದೆಲ್ಲ ತಿಳಿಯುವುದಿಲ್ಲ.

ಇನ್ನೊಂದು ಪತ್ರ ಬೇಕು. ಎಲ್ಲಕ್ಕಿಂತ ತೂಕದ್ದು. ಗಡಿಯಾರ ರಿಪೇರಿಯವರ ಹೆಂಡತಿಯಿಂದ. ಅವಳ ವಿಷಯದಲ್ಲಿ ನಾನು ನನ್ನ ಕರ್ತವ್ಯ ಮಾಡಿದ್ದೇನೆಂದು ಅವಳೇ ಎರಡು ಸಾಲು ಬರೆದುಕೊಟ್ಟರೆ, ಯಾವ ಬಾಗಿಲಲ್ಲೂ ನನ್ನನ್ನು ತಡೆಯುವವರಿಲ್ಲ. ಮುಂದಿನ ಉಡುಪು ಕೊಡಲು ಹೋದಾಗ ಕೇಳುತ್ತೇನೆ. ಇದು ಇಪ್ಪತ್ತೊಂದನೆಯದು. ನೀಲಿ ಬಟ್ಟೆ, ತುಂಬು ತೋಳು.

ಇಂತಿ,
ತಾಯಿ

—

ನವೆಂಬರ್ 29, 1992

ಮಗನೇ,

ನಾನು ಬರುವುದಿಲ್ಲ. ಬರಲಾಗುವುದಿಲ್ಲ. ಯಾಕೆಂದು ಬರೆಯಬೇಕೋ ಬೇಡವೋ ಎಂದು ಮೂರು ವಾರ ಯೋಚಿಸಿದೆ. ಸಾಲುಗಳು ಓರೆಯಾಗಿದ್ದರೆ ಕಣ್ಣಿನದೇ ತಪ್ಪು. ಕಣ್ಣು ಹೋಗುತ್ತಿದೆ. ನೀನು ಹೇಳಿದ್ದು ನಿಜ.

ಉಡುಪು ತೆಗೆದುಕೊಂಡು ಅವಳ ಮನೆಗೆ ಹೋದೆ. ಮಧ್ಯಾಹ್ನ ಮೂರು ಗಂಟೆ. ಯಾವಾಗಲೂ ಬಾಗಿಲಲ್ಲೇ ಕೊಟ್ಟು ಬರುವವಳು, ಆ ದಿನ ಪತ್ರ ಬೇಕಿತ್ತಲ್ಲ, ಒಳಗೆ ಬರಬಹುದೇ ಎಂದೆ. ಅವಳು ಸರಿದು ನಿಂತಳು. ಒಂದು ಕೋಣೆ, ಒಂದು ಮಂಚ, ಕಿಟಕಿಯಲ್ಲಿ ನಿಂತುಹೋದ ಒಂದು ಗಡಿಯಾರ. ಗಡಿಯಾರದವರ ಮನೆಯಲ್ಲಿ ನಡೆಯುವ ಗಡಿಯಾರ ಒಂದೂ ಇರಲಿಲ್ಲ. ನಾನು ವಿಷಯ ಹೇಳಿದೆ. ಎರಡು ಸಾಲು ಸಾಕು ಎಂದೆ.

ಅವಳು ಹೋಗಿ ಕಪಾಟು ತೆರೆದಳು. ನಾನು ಕೊಟ್ಟ ಇಪ್ಪತ್ತು ಉಡುಪುಗಳೂ ಅಲ್ಲಿದ್ದವು. ಕಾಗದ ಸುತ್ತಿದ ಹಾಗೆಯೇ, ನಾನು ಕಟ್ಟಿದ ದಾರ ಕಟ್ಟಿದ ಹಾಗೆಯೇ. ಒಂದನ್ನೂ ಬಿಚ್ಚಿರಲಿಲ್ಲ. ಇಪ್ಪತ್ತೊಂದನೆಯದನ್ನು ನನ್ನ ಕೈಯಿಂದ ತೆಗೆದು ಅವುಗಳ ಮೇಲೆ ಇಟ್ಟಳು.

"ಬಿಸಾಡೋಕೆ ಮನಸ್ಸು ಬರಲಿಲ್ಲ. ನಿಮ್ಮ ಕೆಲಸ ಚೆನ್ನಾಗಿರುತ್ತೆ ಅಂತ ಎಲ್ಲರೂ ಹೇಳ್ತಾರೆ" ಎಂದಳು.

ನಾನು, "ಹಾಗಾದ್ರೆ ಯಾಕೆ ತಗೊಂಡ್ರಿ?" ಎಂದೆ.

"ನೀವು ಬಾಗಿಲಿಗೆ ಬಂದಾಗೆಲ್ಲ, ಇವತ್ತು ಹೇಳ್ತಾರೆ ಅನ್ಕೋತಿದ್ದೆ. ನಂಗೆ ಬಟ್ಟೆ ಬೇಕಾಗಿರಲಿಲ್ಲ. ಆ ದಿನ ಬೆಳಿಗ್ಗೆ ನಿಮ್ಮ ಅಂಗಡಿಯಲ್ಲಿ ಏನಾಯ್ತು ಅಂತ ಯಾರಾದ್ರೂ ಹೇಳಬೇಕಾಗಿತ್ತು. ನಮ್ಮವರು ಎದುರಿನ ಅಂಗಡಿ ಬಾಗಿಲು ತೆಗೀತಾ ನೋಡಿದ್ರಂತೆ. ಕಾಫಿ ಕುಡಿಯೋಕೆ ಮನೆಗೆ ಬಂದಾಗ ಹೇಳಿದ್ರು, ಆ ಹುಡುಗ ನಿಂತಲ್ಲೇ ತೂಕಡಿಸ್ತಿದ್ದಾನೆ, ಅವನಮ್ಮ ಅವನ್ನ ಮಲಗೋಕೆ ಬಿಡಬಾರದಾ ಅಂತ. ಅದೇ ನನ್ನ ಹತ್ತಿರ ಆಡಿದ ಕೊನೇ ಮಾತು. ವಾಪಸು ಅಂಗಡಿಗೆ ಹೋಗೋಕೆ ರಸ್ತೆ ದಾಟಿದ್ರು."

ಮಗನೇ, ನಿನಗೆ ಗೊತ್ತಿರುವುದನ್ನೇ ನಿನಗೆ ಬರೆಯುತ್ತೇನೆ. ಇಲ್ಲಿಯತನಕ ನಾನು ಯಾರಿಗೂ ಹೇಳಿಲ್ಲ, ಪ್ರಾರ್ಥನೆಯಲ್ಲೂ ಹೇಳಿಲ್ಲ. ಗಿರಾಕಿಯೊಬ್ಬರ ಮನೆಯ ಮದುವೆಯ ಬಟ್ಟೆಗಳಿಗಾಗಿ ಎರಡು ದಿನ ನಿನ್ನನ್ನು ಇಸ್ತ್ರಿ ಮೇಜಿನಿಂದ ಏಳಲು ಬಿಡಲಿಲ್ಲ. ಬೆಳಿಗ್ಗೆ ನೀನು, "ಅಮ್ಮಾ, ಕಣ್ಣು ತಾನಾಗೇ ಮುಚ್ಚಿಹೋಗ್ತಿದೆ, ಒಂದು ಗಂಟೆ ಮಲಗಿ ಎದ್ದು ಕೊಟ್ಟು ಬರ್ತೀನಿ" ಎಂದೆ. ನಾನು ವ್ಯಾನಿನ ಕೀಲಿಯನ್ನು ನಿನ್ನ ಕೈಯಲ್ಲಿಟ್ಟು ಬೆರಳು ಮಡಿಸಿದೆ. "ಹತ್ತು ಗಂಟೆ ಅಂದ್ರೆ ಹತ್ತು ಗಂಟೆ. ಇಷ್ಟು ವರ್ಷದಲ್ಲಿ ನನ್ನ ಅಂಗಡಿಯಿಂದ ಒಂದು ಬಟ್ಟೆ ತಡವಾಗಿ ಹೋಗಿಲ್ಲ" ಎಂದೆ. ನೀನು ಬಾಟಲಿ ಎತ್ತಿ ಒಂದು ಗುಟುಕು ಕುಡಿದದ್ದನ್ನೂ ನೋಡಿದೆ. ಎಚ್ಚರ ಇರಲಿಕ್ಕಾದರೆ ಇರಲಿ ಎಂದು ಮುಖ ತಿರುಗಿಸಿದೆ.

ನ್ಯಾಯಾಲಯದಲ್ಲಿ ಬಾಟಲಿಯ ವಿಷಯ ಕೇಳಿದರು, ಹೇಳಿದೆ. ಕೀಲಿಯ ವಿಷಯ ಯಾರೂ ಕೇಳಲಿಲ್ಲ. ನೀನೂ ಹೇಳಲಿಲ್ಲ. ನೀನು ಕಟಕಟೆಯಿಂದ ನನ್ನನ್ನೊಮ್ಮೆ ನೋಡಿ ತಲೆ ತಗ್ಗಿಸಿದೆ. ಅದನ್ನು ನಾಚಿಕೆ ಎಂದುಕೊಂಡೆ. ಇಷ್ಟು ವರ್ಷ ಹಾಗೆಯೇ ಅಂದುಕೊಂಡು ಬದುಕಿದೆ. ಜನ ಎದ್ದು ಕೊಟ್ಟ ಜಾಗದಲ್ಲಿ ಕೂತೆ.

ಇದೆಲ್ಲವನ್ನೂ ಅವಳ ಮಂಚದ ತುದಿಯಲ್ಲಿ ಕೂತು ಅವಳಿಗೆ ಹೇಳಿದೆ. ಅವಳು ಅಳಲಿಲ್ಲ, ಬೈಯಲಿಲ್ಲ. ಮುಗಿದ ಮೇಲೆ ಎದ್ದು ಬಾಗಿಲು ತೆರೆದಳು. ನಾನು ಹೊರಗೆ ಬಂದ ಮೇಲೆ ಮುಚ್ಚಿದಳು. ಜೋರಾಗಿ ಮುಚ್ಚಿದ್ದರೆ ಚೆನ್ನಾಗಿತ್ತು.

ಮನೆಗೆ ಬಂದು ಸಭಾಪಾಲಕರ ಪತ್ರ ತೆಗೆದೆ. "ಸತ್ಯವಂತೆ" ಎಂದು ಮೂರು ಕಡೆ ಇದೆಯಲ್ಲ, ನನಗೆ ಈಗ ಅಕ್ಷರ ಸರಿಯಾಗಿ ಕಾಣುವುದಿಲ್ಲ, ಆ ಮೂರು ಜಾಗ ಮಾತ್ರ ಕಂಡವು. ಹರಿದು ಹಾಕಿದೆ. ಮಾರನೆಯ ದಿನ ಅವರ ಬಳಿ ಹೋಗಿ ಯಾಕೆ ಹರಿದೆ ಎಂದೂ ಹೇಳಿದೆ. ಅವರು ಬಹಳ ಹೊತ್ತು ಕನ್ನಡಕ ಒರೆಸಿದರು. ನಿಲುವಂಗಿಗಳನ್ನು ಇನ್ನು ಬೇರೆ ಯಾರಿಗಾದರೂ ಕೊಡಿ ಎಂದು ಬಂದೆ.

ಈಗ ನನ್ನ ಕೈಯಲ್ಲಿ ಒಂದು ಕಾಗದವೂ ಇಲ್ಲ. ನಿನ್ನ ಸೆರೆಮನೆಯ ಬಾಗಿಲಲ್ಲಿ ನೀವು ಯಾರು, ಎಂಥವರು ಎಂದು ಕೇಳಿದರೆ ತೋರಿಸಲು ಏನೂ ಇಲ್ಲ. ಅದಕ್ಕೇ ಬರುವುದಿಲ್ಲ ಎಂದೆ. ನ್ಯಾಯಾಧೀಶರಿಗೆ ಬರೆಯಬೇಕೆಂದರೆ ಹೇಳು, ಬರೆಯುತ್ತೇನೆ.

ಅಮ್ಮ

—

ಡಿಸೆಂಬರ್ 13, 1992

ಅಮ್ಮ,

ನ್ಯಾಯಾಧೀಶರಿಗೆ ಬರೆಯಬೇಕೆನಿಸಿದರೆ ಬರೆ. ನಿಜ ಹೇಳುವುದು ಒಳ್ಳೆಯದೇ. ನನ್ನ ಶಿಕ್ಷೆ ಕಡಿಮೆಯಾಗಲೆಂದು ಬರೆಯಬೇಡ. ಕೀಲಿ ಕೊಟ್ಟದ್ದು ನೀನು, ತೆಗೆದುಕೊಂಡದ್ದು ನಾನು, ಕುಡಿದದ್ದೂ ನಾನು. ಕಟಕಟೆಯಲ್ಲಿ ತಲೆ ತಗ್ಗಿಸಿದ್ದು ನಾಚಿಕೆಗೇ. ನೀನು ಅಂದುಕೊಂಡದ್ದು ಪೂರ್ತಿ ತಪ್ಪಲ್ಲ. ಆದರೆ ನೀನು ಅಲ್ಲಿ ನಿಂತು ಬೆರಳು ಬೆರಳಿಗೆ ಹೆಣೆದುಕೊಂಡದ್ದನ್ನು ನೋಡಿದೆ. ಬಟ್ಟೆ ತಪ್ಪಾಗಿ ಕತ್ತರಿಸಿಬಿಟ್ಟಾಗ ನೀನು ಹಾಗೆ ಮಾಡುತ್ತೀಯ. ಆಗಲೇ ನನಗೆ ಗೊತ್ತಾಯಿತು, ನಿನಗೂ ಗೊತ್ತಿದೆ ಎಂದು. ನನಗೆ ಅಷ್ಟೇ ಸಾಕಾಯಿತು.

ಅಂದಿನಿಂದ ನಿನ್ನ ಮೇಲೆ ಏನೂ ಇಲ್ಲ ಎಂದರೆ ಸುಳ್ಳಾಗುತ್ತದೆ. ಮೊದಲ ವರ್ಷ ಸಿಟ್ಟು ಇತ್ತು. ಬಹಳ ಇತ್ತು. ದೇವರು ನನ್ನನ್ನು ಸುಮ್ಮನೆ ಸ್ವೀಕರಿಸಿದ್ದಾನೆ ಎಂದು ನಂಬಿದ ದಿನದಿಂದ ನಿನ್ನ ಮೇಲೆ ಅದನ್ನು ಹೊತ್ತುಕೊಂಡು ತಿರುಗಲು ಆಗಲಿಲ್ಲ, ಅಷ್ಟೇ.

ಈಗ ನೀನು ತಪ್ಪು ತಿಳಿದುಕೊಂಡಿರುವ ಒಂದು ವಿಷಯ ಹೇಳುತ್ತೇನೆ. ಅಕ್ಟೋಬರಿನಲ್ಲೇ ಹೇಳಬೇಕಾಗಿತ್ತು. ಆದರೆ ನೀನು ಬರುತ್ತೇನೆ ಎಂದು ಬರೆದದ್ದನ್ನು ಮುಟ್ಟಿದರೆ ಒಡೆದುಹೋಗುತ್ತದೋ ಎಂಬ ಹೆದರಿಕೆಯಿತ್ತು.

ಇಲ್ಲಿಗೆ ಬರಲು ಯಾವ ಪತ್ರವೂ ಬೇಕಾಗಿಲ್ಲ. ನಿನ್ನ ಪತ್ರಗಳ ವಿಷಯ ಭೇಟಿ ಕೋಣೆಯ ಕಾವಲುಗಾರನಿಗೆ ಹೇಳಿದೆ. ಅವನು ನಕ್ಕು, "ಗುಣ ನೋಡಿ ಒಳಗೆ ಬಿಡೋದಾದ್ರೆ ಮೊದಲು ನಾನೇ ಆಚೆ ಇರಬೇಕಾಗುತ್ತೆ ಕಣಪ್ಪ" ಎಂದ. ಇಲ್ಲಿಯ ಪದ್ಧತಿ ಬೇರೆ. ಯಾರು ತನ್ನನ್ನು ನೋಡಲು ಬರಬಹುದೆಂದು ಒಳಗಿರುವವನೇ ಬರೆದುಕೊಡಬೇಕು. ಪ್ರತಿ ಜನವರಿಯಲ್ಲಿ ನಾಲ್ಕು ಗೆರೆಯ ಒಂದು ಚೀಟಿ ಕೊಡುತ್ತಾರೆ. ಪಟ್ಟಿಯಲ್ಲಿ ಹೆಸರಿಲ್ಲದವನು ಮಂತ್ರಿಯಾದರೂ ಹೊರಗೇ. ಹೆಸರಿದ್ದವರನ್ನು ಏನೂ ಕೇಳುವುದಿಲ್ಲ.

ನಿನ್ನ ಹೆಸರು ಮೊದಲ ವಾರವೇ ಬರೆದೆ. ಸಂಬಂಧ ಎಂಬ ಕಡೆ ಅಮ್ಮ ಎಂದು ಬರೆದೆ. ಪ್ರತಿ ಜನವರಿಯಲ್ಲೂ ಬರೆದಿದ್ದೇನೆ, ನಿನ್ನ ಮೇಲೆ ಸಿಟ್ಟಿದ್ದ ವರ್ಷವೂ. ಉಳಿದ ಮೂರು ಗೆರೆ ಯಾವಾಗಲೂ ಖಾಲಿ.

ಭೇಟಿಯ ದಿನ ತಿಂಗಳ ಎರಡನೆಯ ಶನಿವಾರ. ನಿನ್ನೆಯೂ ಇತ್ತು. ಅಂಗಿ ಒಗೆದು ಹಾಕಿಕೊಂಡು ಬೆಂಚಿನ ಮೇಲೆ ಕೂತಿದ್ದೆ. ಹತ್ತರಿಂದ ನಾಲ್ಕರ ತನಕ ಕೂರಬಹುದು.

ಇನ್ನೊಂದು ಕರವಸ್ತ್ರ ಕಳಿಸುತ್ತಿದ್ದೇನೆ. ಹೊಲಿಗೆ ಈಗಲೂ ಒಂದು ಹೆಜ್ಜೆ ಉದ್ದ, ಒಂದು ಗಿಡ್ಡ.

ನಿನ್ನ ಮಗ

—

ಫೆಬ್ರವರಿ 7, 1993

ದಾರದುಂಡೆ,

ನಿನ್ನನ್ನು ಹೀಗೆ ಕರೆದು ಇಪ್ಪತ್ತು ವರ್ಷವಾಯಿತು. ಹುಟ್ಟಿದಾಗ ಉಂಡೆಯ ಹಾಗೆ ಗುಂಡಗಿದ್ದೆ, ಎಲ್ಲಿ ಬಿಟ್ಟರೂ ಉರುಳಿ ಮಿಷನ್ನಿನ ಕೆಳಗೆ ಸೇರುತ್ತಿದ್ದೆ. ಹೆಸರಿಟ್ಟದ್ದು ನಿಮ್ಮಪ್ಪ. ನಿಲ್ಲಿಸಿದ್ದು ನಾನು, ಗಿರಾಕಿಗಳ ಮುಂದೆ ಚೆನ್ನಾಗಿರುವುದಿಲ್ಲವೆಂದು.

ಈ ಕಾಗದವನ್ನು ನಾನೇ ಬರೆಯುತ್ತಿದ್ದೇನೆ. ಗುಂಡಿಯಮ್ಮ ಪ್ರತಿ ಸಾಲಿನ ಕೆಳಗೂ ಅಡ್ಡಪಟ್ಟಿ ಹಿಡಿದು ಕೂತಿದ್ದಾಳೆ. ಓದಲು ಬಾರದವಳು ಹಿಡಿದಿದ್ದಾಳೆ, ಕಾಣದವಳು ಬರೆಯುತ್ತಿದ್ದೇನೆ. ಹೇಗೋ ಆಗುತ್ತಿದೆ.

ನ್ಯಾಯಾಲಯಕ್ಕೆ ಬರೆದು ಹಾಕಿದ್ದೇನೆ. ಉತ್ತರ ಬಂದಿಲ್ಲ. ಚರ್ಚಿನಲ್ಲಿ ಈಗ ಯಾರೂ ಎದ್ದು ಜಾಗ ಕೊಡುವುದಿಲ್ಲ. ಕಂಬದ ಹಿಂದೆ ಕೂರುತ್ತೇನೆ. ಮೊದಲ ಭಾನುವಾರ ಅಲ್ಲಿ ಕೂತು ಪ್ರಾರ್ಥನೆ ಮಾಡೋಣವೆಂದರೆ ಹೇಳಲು ಒಂದು ಮಾತೂ ಬರಲಿಲ್ಲ. ಇಷ್ಟು ವರ್ಷ ಮಾಡಿದ್ದನ್ನೆಲ್ಲ ದೇವರಿಗೆ ಒಪ್ಪಿಸುವುದೇ ನನ್ನ ಪ್ರಾರ್ಥನೆಯಾಗಿತ್ತೆಂದು ಆಗ ತಿಳಿಯಿತು. ಸುಮ್ಮನೆ ಕೈ ತೆರೆದು ಮಡಿಲಲ್ಲಿ ಇಟ್ಟುಕೊಂಡೆ.

ಗಡಿಯಾರದವರ ಹೆಂಡತಿಯನ್ನು ಕಳೆದ ವಾರ ಮಾರುಕಟ್ಟೆಯಲ್ಲಿ ಕಂಡೆ. ಅವಳೇ ಅಂತ ಗುಂಡಿಯಮ್ಮ ಹೇಳಿದಳು. ನೀಲಿ ಹಾಕಿದ್ದಾಳಾ ಎಂದು ಕೇಳಿದೆ. "ಇಲ್ಲ ಅಮ್ಮಾವ್ರೇ, ಹಳೇ ಕಂದು ಬಣ್ಣದ್ದೇ" ಎಂದಳು. ಇರಲಿ. ಹಾಕಿಕೊಳ್ಳಲೇಬೇಕೆಂದು ಇನ್ನು ನಾನು ಕಾಯುವಂತಿಲ್ಲ.

ನಿನ್ನ ಹಾಗೆ ನಂಬಲು ನನಗೆ ಬರುವುದಿಲ್ಲ ಮಗನೇ. ಅರವತ್ತಮೂರು ವರ್ಷದ ಗಂಟು, ಎಳೆದರೆ ಬಿಗಿಯಾಗುತ್ತದೆ. ದೇವರ ಪಟ್ಟಿಯಲ್ಲಿ ನನ್ನ ಹೆಸರನ್ನು ನಾನು ನೋಡಿಲ್ಲ. ನಿನ್ನ ಪಟ್ಟಿಯಲ್ಲಿ ಇರುವುದನ್ನೂ ನೋಡಿಲ್ಲ. ಆದರೆ ನೀನು ಇದೆ ಎಂದು ಬರೆದಿದ್ದೀಯ. ನೀನು ಹೇಳಿದ್ದನ್ನೇ ಹಿಡಿದುಕೊಂಡು ಶನಿವಾರ ಬೆಳಿಗ್ಗೆ ಬಸ್ಸು ಹತ್ತುತ್ತೇನೆ. ಗುಂಡಿಯಮ್ಮ ಗೇಟಿನ ತನಕ ಬರುತ್ತಾಳೆ. ಅವಳ ಹೆಸರಿಲ್ಲವಲ್ಲ, ಅಲ್ಲಿಂದ ಒಳಗೆ ನಾನೊಬ್ಬಳೇ.

ಏನಾದರೂ ಹೊಲಿದು ತರೋಣವೆಂದು ಎರಡು ದಿನ ಬಟ್ಟೆ ಹರಡಿಕೊಂಡು ಕೂತಿದ್ದೆ. ಆಗಲಿಲ್ಲ. ಬರಿಗೈಯಲ್ಲಿ ಬರುತ್ತಿದ್ದೇನೆ. ನಿನ್ನ ಕರವಸ್ತ್ರ ಮಾತ್ರ ತೋಳಿನಲ್ಲಿ ಸಿಕ್ಕಿಸಿಕೊಂಡಿರುತ್ತೇನೆ. ಹೊಲಿಗೆ ಬಿಚ್ಚಿಲ್ಲ.

ದೂರದಿಂದ ನನಗೆ ಮುಖ ಗೊತ್ತಾಗುವುದಿಲ್ಲ. ನೀನೇ ಎದ್ದು ಬಂದು ಕೂಗಬೇಕು. ಅಂಗಿ ಒಗೆದು ಹಾಕಿಕೊ.

ಅಮ್ಮ